ಕಾರ್ಡ್ ಹಾಗೇ ಬಿಟ್ಟು ಪ್ರೊಸೆಸರ್ ಬದಲಿಸಿದೆ: ರೈಜೆನ್ 5 5600 ಮತ್ತು ಅದನ್ನು ಹಾಕಿಕೊಟ್ಟ ಹುಬ್ಬಳ್ಳಿ ಅಂಗಡಿ

ಕೌಂಟರ್-ಸ್ಟ್ರೈಕ್ 2 ಎಂಬ ಕಂಪ್ಯೂಟರ್ ಶೂಟಿಂಗ್ ಆಟ ಆಡುವವರಿಗೆ ಮೊದಲೇ ಲೆಕ್ಕ ಹೇಳಿಬಿಡುತ್ತೇನೆ. ಉಳಿದದ್ದನ್ನು ಪುರುಸೊತ್ತಿದ್ದರೆ ಓದಿ. ನನ್ನ ಹಳೆ ಸಿಸ್ಟಮ್‌ನಲ್ಲಿ 1080ಪಿ ಇಟ್ಟು, ಎಲ್ಲ ಸೆಟ್ಟಿಂಗ್ ಕೆಳಗಿಳಿಸಿ ಆಡಿದರೆ 80ರಿಂದ 90 ಎಫ್‌ಪಿಎಸ್ (ಸೆಕೆಂಡಿಗೆ ಬರುವ ಚಿತ್ರಗಳ ಲೆಕ್ಕ) ಬರುತ್ತಿತ್ತು. ಎರಡು ಸ್ಮೋಕ್ (ಆಟದ ಹೊಗೆ ಬಾಂಬ್) ಒಟ್ಟಿಗೆ ಬಿದ್ದರೆ 40ಕ್ಕೆ ಕುಸಿಯುತ್ತಿತ್ತು. ಈಗ 180ರಿಂದ 200 ಇರುತ್ತದೆ. ಸ್ಮೋಕ್ ಒಳಗೆ ಜೋರು ಫೈಟ್ ನಡೆದಾಗಲೂ 110ರ ಕೆಳಗೆ ಹೋಗುವುದು ಅಪರೂಪ. ಗ್ರಾಫಿಕ್ಸ್ ಕಾರ್ಡ್ ಅದೇ ಹಳೇದು. ಎಸ್‌ಎಂಪಿಎಸ್ (ಕರೆಂಟ್ ಕೊಡುವ ಡಬ್ಬಿ) ಅದೇ, ಕ್ಯಾಬಿನೆಟ್ ಅದೇ, ಮದರ್‌ಬೋರ್ಡ್ ಕೂಡ ಅದೇ. ಹೊಸದಾಗಿ ಬಂದದ್ದು ಪ್ರೊಸೆಸರ್ ಮತ್ತು ರ‍್ಯಾಮ್. ಒಟ್ಟು ಖರ್ಚು 15,000 ರೂಪಾಯಿ ದಾಟಲಿಲ್ಲ.

ನಾನು ಗದಗಿನವನು. ಬೆಟಗೇರಿಯ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಡಿಟಿಪಿ ಕೆಲಸ. ಲಗ್ನಪತ್ರಿಕೆ, ಬಿಲ್ ಬುಕ್, ಕ್ಯಾಲೆಂಡರ್, ಚುನಾವಣೆ ಬಂದರೆ ಹ್ಯಾಂಡ್‌ಬಿಲ್. ಮನೆಯ ಸಿಸ್ಟಮ್‌ನಲ್ಲೂ ಹಗಲು ಕೋರಲ್‌ಡ್ರಾ ನಡೆಯುತ್ತದೆ, ರಾತ್ರಿ ಊಟ ಆದಮೇಲೆ ಆಟ. ಧಾರವಾಡದಲ್ಲಿ ಇಬ್ಬರು, ಹಾವೇರಿಯಲ್ಲಿ ಒಬ್ಬ, ರಾಣೆಬೆನ್ನೂರಿನಲ್ಲಿ ಒಬ್ಬ, ನಾನು ಸೇರಿದರೆ ಐದು ಜನ. ಲಗ್ನದ ಸೀಸನ್‌ನಲ್ಲಿ ನಾನಿರುವುದಿಲ್ಲ ಅಂತ ಅವರಿಗೆ ಗೊತ್ತು. ಆಗ ಯಾರನ್ನಾದರೂ ಹುಡುಕಿಕೊಳ್ಳುತ್ತಾರೆ.

ಹಳೆ ಸಿಸ್ಟಮ್ ಅಂದರೆ ಎಎಂಡಿ ಕಂಪನಿಯ ರೈಜೆನ್ 3 2200ಜಿ ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಒಂದೇ ಒಂದು ರ‍್ಯಾಮ್ ಕಡ್ಡಿ. ಆಮೇಲೆ ಸೆಕೆಂಡ್ ಹ್ಯಾಂಡ್‌ನಲ್ಲಿ ಜಿಟಿಎಕ್ಸ್ 1660 ಸೂಪರ್ ಕಾರ್ಡ್ ಸಿಕ್ಕಿತು, ಹಾಕಿಕೊಂಡೆ. ಕೌಂಟರ್-ಸ್ಟ್ರೈಕ್ ಗ್ಲೋಬಲ್ ಅಫೆನ್ಸಿವ್ 2012ರ ಆಟ. ಅದು ಈ ಸಿಸ್ಟಮ್‌ನಲ್ಲಿ 150ರ ಮೇಲೇ ಓಡುತ್ತಿತ್ತು. 2023ರ ಸೆಪ್ಟೆಂಬರ್ 27ಕ್ಕೆ ಆಟದ ಕಂಪನಿ ವಾಲ್ವ್ ಅದನ್ನು ತೆಗೆದು ಅದೇ ಜಾಗದಲ್ಲಿ ಕೌಂಟರ್-ಸ್ಟ್ರೈಕ್ 2 ಇಟ್ಟಿತು. ಹೊಸ ಎಂಜಿನ್, ಹೊಸ ಬೆಳಕು, ಗುಂಡು ಹಾರಿಸಿದರೆ ದಾರಿ ಬಿಡುವ ಹೊಗೆ. ನೋಡಲು ಚೆಂದ. ಆದರೆ ನನ್ನಂತೆ ನಾಲ್ಕು ಕೋರಿನ ಪ್ರೊಸೆಸರ್ ಇಟ್ಟುಕೊಂಡವರ ಪಾಡು ಅವತ್ತಿನಿಂದ ಶುರುವಾಯಿತು. ರಾತ್ರಿ ಮಲಗುವಾಗ ಸರಿ ಇದ್ದ ಸಿಸ್ಟಮ್ ಬೆಳಿಗ್ಗೆ ಎದ್ದರೆ ಹಳೇದಾಗಿತ್ತು.

ಗೆಳೆಯರದ್ದು ಒಂದೇ ಮಾತು: "ನಿನ್ ನೆಟ್ ಸರಿ ಇಲ್ಲಲೇ." ಇದು ನಮ್ಮ ಕಡೆ ಎಲ್ಲರೂ ಹೇಳುವ ಮಾತು. ನೆಟ್‌ಗೂ ಎಫ್‌ಪಿಎಸ್‌ಗೂ ಸಂಬಂಧ ಇಲ್ಲ. ಮುಂಬೈ ಸರ್ವರ್‌ಗೆ ನನ್ನ ಪಿಂಗ್ 35ರ ಆಸುಪಾಸು ಇತ್ತು, ಅದಕ್ಕಿಂತ ಇನ್ನೇನು ಬೇಕು? ಪಿಂಗ್ ಅಂದರೆ ನನ್ನ ಸುದ್ದಿ ಸರ್ವರ್‌ಗೆ ಹೋಗಿ ಬರುವ ಸಮಯ. ಎಫ್‌ಪಿಎಸ್ ಅಂದರೆ ನನ್ನ ಟೇಬಲ್ ಮೇಲಿನ ಡಬ್ಬಿ ಒಂದು ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತದೆ ಅನ್ನುವುದು. 40 ಎಫ್‌ಪಿಎಸ್‌ನಲ್ಲಿ ಒಂದು ಚಿತ್ರ ಬಂದು ಮುಂದಿನದು ಬರಲು 25 ಮಿಲಿಸೆಕೆಂಡ್ ಬೇಕು. 200ರಲ್ಲಿ ಬರೀ 5. ಇನ್‌ಫರ್ನೋ ಮ್ಯಾಪ್‌ನ ಬನಾನಾ ಎಂಬ ಓಣಿಯಲ್ಲಿ ಎದುರಾಳಿ ಸಂದಿಯಿಂದ ಇಣುಕಿದಾಗ ಈ ಅಂತರವೇ ಬದುಕು, ಸಾವು. ನೆಟ್ ಪ್ಲಾನ್ ಮೇಲಿನದಕ್ಕೆ ಏರಿಸಿದರೆ ಕಂಪನಿಗೆ ಲಾಭ ಅಷ್ಟೇ.

ಹುಬ್ಬಳ್ಳಿಯಲ್ಲಿ ಮೊದಲು ಹೋಗಿದ್ದು ಒಂದು ದೊಡ್ಡ ಅಂಗಡಿಗೆ. ಗಾಜಿನ ಒಳಗೆ ಬಣ್ಣಬಣ್ಣದ ಫ್ಯಾನ್ ತಿರುಗುತ್ತಿದ್ದವು, ಎಸಿ ತಣ್ಣಗಿತ್ತು. ಕೌಂಟರ್‌ನಲ್ಲಿದ್ದವರು ನನ್ನ ಕ್ಯಾಬಿನೆಟ್ ಮುಟ್ಟಲೇ ಇಲ್ಲ. "ಹೊಸಾ ಕಾರ್ಡ್ ಹಾಕ್ರಿ, ಡಬಲ್ ಆಕ್ಕೈತಿ" ಅಂದರು. ಕಾರ್ಡ್‌ಗೆ 28,000, ಆ ಕಾರ್ಡ್ ತಡೆಯಲು ಹೊಸ ಎಸ್‌ಎಂಪಿಎಸ್ ಬೇರೆ. ಪ್ರೊಸೆಸರ್ ಯಾವುದು ಅಂತ ಕೇಳಲೂ ಇಲ್ಲ. ನಾನು ಚಹಾ ಕುಡಿದು ಬರುತ್ತೇನೆ ಅಂತ ಹೇಳಿ ಹೊರಟೆ.

ಕೆಲಸ ಆಗಿದ್ದು ಕೊಪ್ಪಿಕರ್ ರಸ್ತೆಯಿಂದ ಒಳಗೆ ಹೋಗುವ ಗಲ್ಲಿಯೊಂದರ ಸಣ್ಣ ಅಂಗಡಿಯಲ್ಲಿ. ಮೆಟ್ಟಿಲು ಹತ್ತಬೇಕು. ಮೇಲೆ ಎರಡು ಟೇಬಲ್, ಗೋಡೆ ತುಂಬ ಹಳೆ ಮದರ್‌ಬೋರ್ಡ್, ನೆಲದ ಮೇಲೆ ಯಾರದ್ದೋ ಬಿಚ್ಚಿಟ್ಟ ಪ್ರಿಂಟರ್. ಮಾಲೀಕರು ಫೋನ್‌ನಲ್ಲೇ ಇರುತ್ತಾರೆ. ಕೆಲಸ ಮಾಡುವವನು ಒಬ್ಬ ಹುಡುಗ, ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು. ಅವನು ಮಾಡಿದ ಮೊದಲ ಕೆಲಸ ಅಂದರೆ ನನ್ನ ಸಿಸ್ಟಮ್‌ಗೆ ಮಾನಿಟರ್ ಜೋಡಿಸಿ, "ಆಟ ಹಚ್ರಿ, ನೋಡೂಣು" ಅಂದದ್ದು. ನನಗೆ ಅಲ್ಲೇ ಅರ್ಧ ನಂಬಿಕೆ ಬಂತು.

ಫೋನ್ ಹಾಟ್‌ಸ್ಪಾಟ್ ಕೊಟ್ಟು ಬಾಟ್‌ಗಳ (ಕಂಪ್ಯೂಟರೇ ಆಡಿಸುವ ಆಟಗಾರರ) ಜೊತೆ ಒಂದು ಮ್ಯಾಪ್ ಹಚ್ಚಿದೆ. ಅವನು ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದ. ಪ್ರೊಸೆಸರ್ ಬಳಕೆ ಶೇ. 100ಕ್ಕೆ ತಲೆ ಹೊಡೆಯುತ್ತಿತ್ತು, ಕಾರ್ಡ್‌ನದ್ದು ಶೇ. 50ರ ಹತ್ತಿರ ಓಲಾಡುತ್ತಿತ್ತು. ಆಮೇಲೆ ರೆಸೊಲ್ಯೂಷನ್ ಅನ್ನು 1080ರಿಂದ 720ಕ್ಕೆ ಇಳಿಸಿದ. ಎಫ್‌ಪಿಎಸ್ ಜಪ್ಪಯ್ಯ ಅಂದರೂ ಮೇಲೆ ಹೋಗಲಿಲ್ಲ. "ಕಾರ್ಡ್ ಬ್ಯಾಡ್ರಿ ಸರ್. ಕಾರ್ಡ್ ಆರಾಮ ಕುಂತೈತಿ. ಪ್ರೊಸೆಸರ್ ಒದ್ದಾಡಾಕತ್ತೈತಿ ನೋಡ್ರಿ."

ಈ ಪರೀಕ್ಷೆಯನ್ನು ಮನೆಯಲ್ಲೇ ಯಾರು ಬೇಕಾದರೂ ಮಾಡಬಹುದು, ದುಡ್ಡು ಬೇಡ. ರೆಸೊಲ್ಯೂಷನ್ ಇಳಿಸಿದಾಗ ಎಫ್‌ಪಿಎಸ್ ಏರಿದರೆ ಭಾರ ಕಾರ್ಡ್ ಮೇಲಿದೆ. ಏರದಿದ್ದರೆ ಪ್ರೊಸೆಸರ್ ಅಥವಾ ರ‍್ಯಾಮ್ ಮೇಲಿದೆ. ನಮ್ಮ ಪ್ರೆಸ್ ಭಾಷೆಯಲ್ಲಿ ಹೇಳಬೇಕೆಂದರೆ, ಆಫ್‌ಸೆಟ್ ಮಷೀನ್ ತಯಾರಾಗಿ ನಿಂತಿದೆ, ಪ್ಲೇಟ್ ಬಂದಿಲ್ಲ. ಹತ್ತು ಆಟಗಾರರು ಎಲ್ಲಿದ್ದಾರೆ, ಗುಂಡು ಎಲ್ಲಿ ಹೋಯಿತು, ಹೊಗೆ ಹೇಗೆ ಸರಿಯಿತು ಎಂಬ ಲೆಕ್ಕವನ್ನೆಲ್ಲ ಪ್ರೊಸೆಸರ್ ಮಾಡಿ ಕೊಟ್ಟಮೇಲೇ ಕಾರ್ಡ್‌ಗೆ ಬಿಡಿಸುವ ಕೆಲಸ. ಹಾಗಾಗಿ 28,000 ರೂಪಾಯಿಯ ಕಾರ್ಡ್ ಬಂದರೂ ಅದೂ ಪ್ಲೇಟ್‌ಗೆ ಕಾಯುತ್ತಾ ಕೂರುತ್ತಿತ್ತು.

ಅವನು ಸೂಚಿಸಿದ್ದು ರೈಜೆನ್ 5 5600. ಆರು ಕೋರ್, ಹನ್ನೆರಡು ಥ್ರೆಡ್. 2022ರಲ್ಲಿ ಬಂದ ಚಿಪ್, ಇವತ್ತಿನ ಲೆಕ್ಕದಲ್ಲಿ ಹೊಸದೇನಲ್ಲ. ಆದರೆ ನನ್ನ ಬೋರ್ಡ್‌ನ ಎಎಂ4 ಸಾಕೆಟ್‌ಗೆ (ಪ್ರೊಸೆಸರ್ ಕೂರುವ ಜಾಗ) ಹಾಗೇ ಕೂರುತ್ತದೆ. 2200ಜಿಯಂತೆ ಇದೂ 65 ವ್ಯಾಟ್, ಹಾಗಾಗಿ ಎಸ್‌ಎಂಪಿಎಸ್ ಮುಟ್ಟಬೇಕಿಲ್ಲ. ಎರಡರ ನಡುವೆ ದೊಡ್ಡ ವ್ಯತ್ಯಾಸ ಎಲ್3 ಕ್ಯಾಷ್, ಅಂದರೆ ಪ್ರೊಸೆಸರ್ ಒಳಗಿನ ವೇಗದ ಮೆಮೊರಿ: ಹಳೇದರಲ್ಲಿ 4 ಎಂಬಿ, ಇದರಲ್ಲಿ 32 ಎಂಬಿ. ಈ ಆಟ ಪದೇ ಪದೇ ಕೇಳುವ ಮಾಹಿತಿ ಪ್ರೊಸೆಸರ್ ಒಳಗೇ ಸಿಕ್ಕಿಬಿಟ್ಟರೆ ರ‍್ಯಾಮ್ ತನಕ ಓಡುವ ಕೆಲಸ ಕಡಿಮೆ. ಇನ್ನೊಂದು ವಿಷಯ ಅವನು ಹೇಳಿದ್ದು, 2200ಜಿ ಗ್ರಾಫಿಕ್ಸ್ ಕಾರ್ಡ್‌ಗೆ ಎಂಟು ಪಿಸಿಐಇ ಲೇನ್ (ಮಾಹಿತಿ ಓಡಾಡುವ ದಾರಿ) ಮಾತ್ರ ಕೊಡುತ್ತದೆ, 5600 ಪೂರ್ತಿ ಹದಿನಾರು ಕೊಡುತ್ತದೆ. 1660 ಸೂಪರ್‌ಗೆ ಅದರಿಂದ ದೊಡ್ಡ ಲಾಭ ಏನಿಲ್ಲ, ಅದನ್ನೂ ಅವನೇ ಹೇಳಿದ.

ಇಲ್ಲಿ ಒಂದು ಮಾತು ಕಿವಿಯಲ್ಲಿ ಇಟ್ಟುಕೊಳ್ಳಿ. ಅಂಗಡಿಗೆ ಹೋಗಿ "5600 ಕೊಡಿ" ಅಂದರೆ ಕೆಲವರು 5600ಜಿ ಇಡುತ್ತಾರೆ, ಕೆಲವರು "5500 ಐತ್ರಿ, ಎಲ್ಲಾ ಒಂದೇ" ಅನ್ನುತ್ತಾರೆ. ಒಂದೇ ಅಲ್ಲ. 5600ಜಿ ಮತ್ತು 5500 ಎರಡರಲ್ಲೂ ಎಲ್3 ಕ್ಯಾಷ್ 16 ಎಂಬಿ, ಅಂದರೆ ಅರ್ಧ. ಪ್ರತ್ಯೇಕ ಕಾರ್ಡ್ ಇಲ್ಲದವರಿಗೆ 5600ಜಿ ಸರಿ, ಅದರೊಳಗೇ ಗ್ರಾಫಿಕ್ಸ್ ಇದೆ. ಕಾರ್ಡ್ ಇರುವವರು ಬಾಕ್ಸ್ ಮೇಲೆ ಬರೀ 5600 ಅಂತ ಇದೆಯಾ ನೋಡಿಯೇ ದುಡ್ಡು ಕೊಡಿ. ಬರೀ 5600ರ ಕೊರತೆ ಏನೆಂದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಕೆಟ್ಟ ದಿನ ಮದರ್‌ಬೋರ್ಡ್‌ನ ಎಚ್‌ಡಿಎಂಐಯಲ್ಲಿ ಏನೂ ಬರುವುದಿಲ್ಲ, ಸ್ಕ್ರೀನ್ ಕಪ್ಪು. ನನ್ನಂಥ ಡಿಟಿಪಿ ಮಾಡುವವನಿಗೆ ಅದು ಸಣ್ಣ ಚಿಂತೆಯಲ್ಲ. ಲಗ್ನಪತ್ರಿಕೆ ನಾಳೆ ಕೊಡುತ್ತೇನೆ ಅಂದರೆ ಹುಡುಗಿ ಮನೆಯವರು ಕೇಳುತ್ತಾರಾ?

ಟ್ರೇ ಪೀಸ್, ಅಂದರೆ ಬಾಕ್ಸ್ ಇಲ್ಲದೆ ಬಿಡಿಯಾಗಿ ಮಾರುವ ಪ್ರೊಸೆಸರ್ ಕೂಡ ಓಡಾಡುತ್ತವೆ. ನಾನು ಕೊಂಡಾಗ ಸಾವಿರ ರೂಪಾಯಿ ಅಗ್ಗ ಇದ್ದವು. ಎಎಂಡಿಯ ಮೂರು ವರ್ಷದ ವಾರಂಟಿ ಬಾಕ್ಸ್ ಪೀಸ್‌ಗೆ ಮಾತ್ರ. ಟ್ರೇ ಪೀಸ್‌ಗೆ ಕೂಲರ್ ಬೇರೆ ಕೊಳ್ಳಬೇಕು, ಬಾಕ್ಸ್‌ನಲ್ಲಿ ಅದೂ ಬರುತ್ತದೆ. ಆ ಸಾವಿರ ಉಳಿಸಿ ಏನು ಮಾಡುವುದು.

ಇನ್ನು ಹಾಕಿದ ಬಗೆ. ಬಿ450 ಬೋರ್ಡ್‌ಗಳು 2018ರಲ್ಲಿ ಬಂದವು, 5000 ಸರಣಿ ಬಂದದ್ದು ಆಮೇಲೆ. ಹಾಗಾಗಿ ಹಳೆ ಪ್ರೊಸೆಸರ್ ಇನ್ನೂ ಕೂತಿರುವಾಗಲೇ ಬಯಾಸ್ (ಬೋರ್ಡ್ ಒಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಬೇಕು. ಇದನ್ನು ಬಿಟ್ಟು ನೇರ ಹೊಸದು ಕೂರಿಸಿದರೆ ಸಿಸ್ಟಮ್ ಎದ್ದೇಳುವುದಿಲ್ಲ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡೇ ಕೈಕೊಡಬಹುದು. ಹುಡುಗ ಪೆನ್‌ಡ್ರೈವ್‌ಗೆ ಫೈಲ್ ಹಾಕಿ ಕೂತಿದ್ದ, ಆಗಲೇ ಟ್ಯೂಬ್‌ಲೈಟ್ ಮಿಣಮಿಣ ಅಂತು. ಅವನು ಕೈ ತೆಗೆದ. ಯುಪಿಎಸ್ ಪ್ಲಗ್ ಕಿತ್ತು, ಬ್ಯಾಟರಿ ಮೇಲೇ ಸಿಸ್ಟಮ್ ನಿಲ್ಲುತ್ತದಾ ಅಂತ ಸ್ವಲ್ಪ ಹೊತ್ತು ನೋಡಿ, ಮತ್ತೆ ಪ್ಲಗ್ ಹಾಕಿ, ಆಮೇಲೆ ಎಂಟರ್ ಒತ್ತಿದ. ಹೆಸ್ಕಾಂ ಊರಿನಲ್ಲಿ ಬೆಳೆದವನಿಗೆ ಇದನ್ನು ಯಾರೂ ಕಲಿಸಬೇಕಿಲ್ಲ ಬಿಡಿ.

ಕೂಲರ್ ತೆಗೆದದ್ದು ನನಗೆ ತುಂಬ ಹಿಡಿಸಿತು. ಎಎಂ4 ಪ್ರೊಸೆಸರ್‌ನಲ್ಲಿ ಪಿನ್‌ಗಳು ಇರುವುದು ಪ್ರೊಸೆಸರ್ ಹೊಟ್ಟೆಯಡಿ, 1331 ಪಿನ್. ಪ್ರೊಸೆಸರ್ ಮತ್ತು ಕೂಲರ್ ನಡುವೆ ಹಚ್ಚಿದ ಹಳೆ ಪೇಸ್ಟ್ ಒಣಗಿ ಅಂಟಿಕೊಂಡಿರುತ್ತದೆ. ನೇರ ಮೇಲಕ್ಕೆ ಎಳೆದರೆ ಕೂಲರ್ ಜೊತೆ ಪ್ರೊಸೆಸರ್ ಕೂಡ ಸಾಕೆಟ್‌ನಿಂದ ಕಿತ್ತು ಬರಬಹುದು, ಪಿನ್ ಬಾಗಬಹುದು. ಅವನು ಮೊದಲು ಆಟವನ್ನು ಹಾಗೇ ಓಡಲು ಬಿಟ್ಟು ಬಿಸಿ ಮಾಡಿದ, ಪೇಸ್ಟ್ ಮೆತ್ತಗಾಗಲಿ ಅಂತ. ಆಫ್ ಮಾಡಿದ ಕೂಡಲೇ ಸ್ಕ್ರೂ ಸಡಿಲಿಸಿ, ಕೂಲರ್ ಅನ್ನು ಎಡಕ್ಕೆ ಬಲಕ್ಕೆ ನಿಧಾನ ಹೊರಳಿಸಿದ. ಸಣ್ಣಗೆ ಚಪ್ ಅಂತ ಸದ್ದು ಬಂತು, ಕೂಲರ್ ಒಂದೇ ಕೈಗೆ ಬಂತು. ಗದಗಿನ ಧೂಳು ಫ್ಯಾನ್ ರೆಕ್ಕೆಗಳ ಮೇಲೆ ಕಂಬಳಿಯಂತೆ ಕೂತಿತ್ತು, ಅದನ್ನೂ ಬ್ಲೋವರ್ ಹಚ್ಚಿ ಊದಿದ. ಅದಕ್ಕೆ ದುಡ್ಡು ಹಾಕಲಿಲ್ಲ.

ಮೊದಲ ಸಲ ಆನ್ ಮಾಡಿದಾಗ ಕಪ್ಪು ಸ್ಕ್ರೀನ್ ಮೇಲೆ ಹೊಸ ಪ್ರೊಸೆಸರ್ ಕಂಡಿದೆ, ಎಫ್‌ಟಿಪಿಎಂ (ಭದ್ರತೆಯ ಕೀಗಳನ್ನು ಇಡುವ ಭಾಗ) ರಿಸೆಟ್ ಮಾಡಲು ವೈ ಒತ್ತಿ, ಬೇಡವಾದರೆ ಎನ್ ಒತ್ತಿ ಅಂತ ಬರುತ್ತದೆ. ಹೆದರಬೇಡಿ. ಆದರೆ ಬಿಟ್‌ಲಾಕರ್ (ವಿಂಡೋಸ್‌ನ ಡ್ರೈವ್ ಬೀಗ) ಹಾಕಿಕೊಂಡವರು ರಿಕವರಿ ಕೀ ಕೈಯಲ್ಲಿಲ್ಲದೆ ವೈ ಒತ್ತಬಾರದು, ಡ್ರೈವ್ ಬೀಗ ಬಿದ್ದ ಹಾಗೇ ಉಳಿಯುತ್ತದೆ. ಹುಡುಗ ಮೊದಲೇ ಕೇಳಿಕೊಂಡಿದ್ದ.

ರ‍್ಯಾಮ್‌ಗೆ ಬರೋಣ. ಹಳೆ 2400ರ ವೇಗದ ಕಡ್ಡಿ ಪಕ್ಕ ಹೊಸ 3200ರದ್ದು ಹಾಕಿದರೆ ಎರಡೂ ಹಳೆ ವೇಗಕ್ಕೇ ನಡೆಯುತ್ತವೆ. ಅದಕ್ಕೆ 8 ಜಿಬಿಯ ಎರಡು ಹೊಸ ಕಡ್ಡಿ ತೆಗೆದುಕೊಂಡೆ. 16 ಜಿಬಿಯ ಒಂದೇ ಕಡ್ಡಿ ಹಾಕಿದರೆ ಡ್ಯುಯಲ್ ಚಾನೆಲ್ (ಎರಡು ಕಡ್ಡಿ ಒಟ್ಟಿಗೆ ದುಡಿಯುವುದು) ಸಿಗುವುದಿಲ್ಲ, ಆಟದಲ್ಲಿ ಅದು ಗೊತ್ತಾಗುತ್ತದೆ. ನಾಲ್ಕು ಸ್ಲಾಟ್ ಇರುವ ಬೋರ್ಡ್ ಆದರೆ ಎರಡನ್ನೂ ಒಂದು ಬಿಟ್ಟು ಒಂದು ಸ್ಲಾಟ್‌ಗೆ ಹಾಕಬೇಕು, ಪಕ್ಕಪಕ್ಕ ಅಲ್ಲ. ನಾನು ಕೊಂಡಾಗ ಎರಡಕ್ಕೆ 3,400 ಆಯಿತು. ಪ್ರೊಸೆಸರ್ 10,800. ಕೂಲಿ 500. 2025ರ ಕೊನೆಯಿಂದ ರ‍್ಯಾಮ್ ದರ ಸಿಕ್ಕಾಪಟ್ಟೆ ಏರಿದೆ, ಎಐ ಸರ್ವರ್‌ಗಳಿಗೇ ಎಲ್ಲ ಚಿಪ್ ಹೋಗುತ್ತಿವೆ. ಈಗ ಹೋಗುವವರು ನನ್ನ ಬೆಲೆ ಹಿಡಿದುಕೊಂಡು ಜಗಳ ಮಾಡಬೇಡಿ. ಎರಡು ಕಡ್ಡಿ ಈಗಾಗಲೇ ಇದ್ದರೆ ಬರೀ ಪ್ರೊಸೆಸರ್ ಹಾಕಿ ಸಾಕು.

ಅಂಗಡಿಯ ತಪ್ಪುಗಳನ್ನೂ ಹೇಳಬೇಕು. ಒಂದು, ಎಕ್ಸ್‌ಎಂಪಿ (ಮೆಮೊರಿಯನ್ನು ಅದರ ಪೂರ್ತಿ ವೇಗಕ್ಕೆ ಓಡಿಸುವ ಆಯ್ಕೆ) ಆನ್ ಮಾಡದೇ ಕೊಟ್ಟರು. ಮನೆಗೆ ಬಂದು ಟಾಸ್ಕ್ ಮ್ಯಾನೇಜರ್ ನೋಡಿದರೆ 3200ರ ರ‍್ಯಾಮ್ 2400ರಲ್ಲಿ ನಡೆಯುತ್ತಿತ್ತು. ಬಯಾಸ್‌ಗೆ ಹೋಗಿ ಒಂದು ಆಯ್ಕೆ ಬದಲಿಸಿದರೆ ಮುಗಿಯಿತು, ಆದರೆ ಗೊತ್ತಿಲ್ಲದವರು ದುಡ್ಡು ಕೊಟ್ಟು ವೇಗ ಬಿಟ್ಟುಕೊಟ್ಟ ಹಾಗೆ. ಅಷ್ಟೆಲ್ಲ ಜಾಗ್ರತೆ ಮಾಡಿದ ಹುಡುಗ ಇದನ್ನು ಹೇಗೆ ಬಿಟ್ಟನೋ. ಎರಡು, ಜಿಎಸ್‌ಟಿ ಬಿಲ್ ಕೇಳಿದ ಮೇಲೆ ಮಾಲೀಕರ ಮುಖ ಸ್ವಲ್ಪ ಬಿಗಿಯಿತು. ಚೀಟಿಯಲ್ಲಿ ಬರೆದುಕೊಡುವುದು ಅಲ್ಲಿಯ ರೂಢಿ. ನಾನು ಬಿಡಲಿಲ್ಲ. ವಾರಂಟಿಗೆ ಬಿಲ್ ಇಲ್ಲದೆ ಎಲ್ಲಿ ಹೋಗುವುದು? ಮೂರು, ಮಧ್ಯಾಹ್ನ ಆಗುತ್ತದೆ ಅಂದವರು ಸಂಜೆ ದೀಪ ಹಚ್ಚುವ ಹೊತ್ತಿಗೆ ಕೊಟ್ಟರು. ನಡುವೆ ದುರ್ಗದಬೈಲಿಗೆ ಹೋಗಿ ಗಿರ್ಮಿಟ್ ತಿಂದು ಬಂದೆ, ಆ ಮಟ್ಟಿಗೆ ನಷ್ಟವಿಲ್ಲ. ಒಳಗಿನ ವೈರ್‌ಗಳನ್ನು ಮಾತ್ರ ಹೇಗೆ ಬೇಕೋ ಹಾಗೆ ತುರುಕಿದ್ದಾರೆ. ನನ್ನ ಕ್ಯಾಬಿನೆಟ್‌ಗೆ ಗಾಜಿಲ್ಲ, ಕಾಣುವುದಿಲ್ಲ, ಹೋಗಲಿ.

ಗದಗಿನಿಂದ ರೈಲಿನಲ್ಲಿ ಕ್ಯಾಬಿನೆಟ್ ಒಯ್ಯುವವರು ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಬೇರೆ ಚೀಲದಲ್ಲಿ ಇಟ್ಟುಕೊಳ್ಳಿ, ಕುಲುಕಾಟಕ್ಕೆ ಸ್ಲಾಟ್ ಮುರಿಯಬಹುದು. ಹುಬ್ಬಳ್ಳಿ ಸ್ಟೇಷನ್‌ನಲ್ಲಿ ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ಇದೆ, 1,507 ಮೀಟರ್. ಹೆಮ್ಮೆಯ ವಿಷಯವೇ. ಆದರೆ ಕ್ಯಾಬಿನೆಟ್ ಹೆಗಲ ಮೇಲಿದ್ದಾಗ ಆ ಹೆಮ್ಮೆ ಜಾಸ್ತಿ ಹೊತ್ತು ಉಳಿಯುವುದಿಲ್ಲ.

ಆಟದಲ್ಲಿ ಏನಾಯಿತು ಅಂದರೆ, ಸರಾಸರಿ ಎಫ್‌ಪಿಎಸ್ ಏರಿದ್ದಕ್ಕಿಂತ ಕುಸಿತ ನಿಂತದ್ದು ದೊಡ್ಡ ಲಾಭ. ಮೊದಲು ಏನ್ಷೆಂಟ್ ಮ್ಯಾಪ್‌ನಲ್ಲಿ ಬಾಂಬ್ ಸೈಟ್ ಒಳಗೆ ನುಗ್ಗುವಾಗ ಮೌಸ್ ಅಂಟಿಕೊಂಡ ಹಾಗೆ ಅನ್ನಿಸುತ್ತಿತ್ತು. ಫ್ಲ್ಯಾಷ್, ಸ್ಮೋಕ್, ಮಾಲಟಾವ್ ಬಾಂಬ್ ಎಲ್ಲ ಒಟ್ಟಿಗೆ ಬಿದ್ದಾಗ ನಾನು ಸುಮ್ನೆ ಹಿಂದೆ ನಿಲ್ಲುತ್ತಿದ್ದೆ. ಈಗ ಮೊದಲು ನುಗ್ಗುವವನು ನಾನೇ. ಸಾಯುತ್ತೇನೆ, ಅದು ಬೇರೆ ಮಾತು. ರೇಟಿಂಗ್ ಏರಿಲ್ಲ. ಧಾರವಾಡದ ಗೆಳೆಯ ಕೇಳಿಯೂ ಬಿಟ್ಟ, "ಇನ್ನ ಯಾವುದರ ಮ್ಯಾಲ ಹಾಕ್ತೀಪಾ ತಪ್ಪು?"

ಈಗ ಕಾರ್ಡ್ ಶೇ. 95ರ ಮೇಲೆ ದುಡಿಯುತ್ತಿದೆ. ಅಂದರೆ ಇನ್ನು ಮುಂದೆ ಎಫ್‌ಪಿಎಸ್ ಬೇಕೆಂದರೆ ಆಗ ಕಾರ್ಡ್ ಮಾತು. ನನಗೆ ಸದ್ಯಕ್ಕೆ ಬೇಡ. ನೆರಳಿನ ಗುಣಮಟ್ಟವನ್ನು ಒಂದು ಮೆಟ್ಟಿಲು ಮೇಲಿಟ್ಟಿದ್ದೇನೆ, ಗೋಡೆಯಾಚೆ ಇರುವವನ ನೆರಳು ಕಂಡರೆ ಅದೇ ಲಾಭ. ರಿಫ್ಲೆಕ್ಸ್ (ವಿಳಂಬ ಕಡಿಮೆ ಮಾಡುವ ಆಯ್ಕೆ) ಆನ್. ಉಳಿದದ್ದೆಲ್ಲ ಕೆಳಗೇ ಇದೆ.

ಮಾನಿಟರ್ ಬಗ್ಗೆ ಒಂದೇ ಮಾತು. ನನ್ನದು 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಚಿತ್ರ ತೋರಿಸುತ್ತದೆ, ಧಾರವಾಡದಲ್ಲಿ ಓದು ಮುಗಿಸಿ ಊರಿಗೆ ಹೊರಟ ಒಬ್ಬ ವಿದ್ಯಾರ್ಥಿ ಮಾರಿದ್ದು. ಮೇ, ಜೂನ್‌ನಲ್ಲಿ ಧಾರವಾಡದ ಕಡೆ ಕಣ್ಣಿಡಿ, ರೂಮ್ ಖಾಲಿ ಮಾಡುವವರು ಒಳ್ಳೆ ವಸ್ತು ಬಿಡುತ್ತಾರೆ. ಹೊಸ ಮಾನಿಟರ್ ಜೋಡಿಸಿದಾಗ ವಿಂಡೋಸ್ ಎಷ್ಟೋ ಸಲ 60ರಲ್ಲೇ ನಿಂತಿರುತ್ತದೆ, ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಕೈಯಾರೆ ಬದಲಿಸಿ. 60 ಹರ್ಟ್ಸ್ ಮಾನಿಟರ್ ಇಟ್ಟುಕೊಂಡು ಎಫ್‌ಪಿಎಸ್ ಹಿಂದೆ 15,000 ಹಾಕುವುದಾದರೆ ಮೊದಲು ಮಾನಿಟರ್ ಬದಲಿಸಿ ಅಂತ ನಾನು ಹೇಳುತ್ತೇನೆ.

ಪ್ರೊಸೆಸರ್ ಬಾಕ್ಸ್‌ನಲ್ಲಿ ಬಂದ ಕಂಪನಿ ಕೂಲರ್ ಸದ್ದು ಮಾಡುತ್ತದೆ. ಏಪ್ರಿಲ್ ಬಿಸಿಲಲ್ಲಿ ಪಕ್ಕದ ಕೋಣೆಯಲ್ಲಿ ಮಲಗಿದ್ದ ಅವ್ವನೂ ಎದ್ದು ಬಂದು "ಏನೋ ಅದು ಗಿರಣಿ?" ಅಂದಳು. ಹೆಡ್‌ಫೋನ್ ಹಾಕಿದವರಿಗೆ ಚಿಂತೆಯಿಲ್ಲ, ಮನೆಯವರಿಗೆ ಇದೆ. ಮುಂದೆ ಒಂದು ಟವರ್ ಕೂಲರ್ ಹಾಕಬೇಕು. ಕೋರಲ್‌ಡ್ರಾದಲ್ಲಿ ಭಾರದ ಫೈಲ್ ಪಿಡಿಎಫ್ ಮಾಡುವಾಗ ಮೊದಲಿನಷ್ಟು ಕಾಯಬೇಕಿಲ್ಲ, ಪ್ರೆಸ್ ಮಾಲೀಕರಿಗೆ ಹೇಳಲು ನನಗೆ ಅಷ್ಟು ಸಾಕು.

ಇದು ಎಲ್ಲರಿಗೂ ಹೊಂದುವ ಮದ್ದಲ್ಲ. ನಮ್ಮ ಹಾವೇರಿ ಗೆಳೆಯನದ್ದು ಇಂಟೆಲ್ ನಾಲ್ಕನೇ ಜನರೇಷನ್ ಐ5, ಡಿಡಿಆರ್3 ರ‍್ಯಾಮ್. ಅವನ ಬೋರ್ಡ್‌ಗೆ ಹಾಕಲು ಕೊಳ್ಳುವಂಥ ಪ್ರೊಸೆಸರ್ ಉಳಿದಿಲ್ಲ. ಬೋರ್ಡ್, ರ‍್ಯಾಮ್, ಪ್ರೊಸೆಸರ್ ಮೂರೂ ಹೊಸದಾಗಬೇಕು. ಅವನು ಸೆಕೆಂಡ್ ಹ್ಯಾಂಡ್ ಬಿ450 ಬೋರ್ಡ್ ಹುಡುಕುತ್ತಿದ್ದಾನೆ. ಅಂಥ ಬೋರ್ಡ್‌ನಲ್ಲಿ ಹಳೆ ಬಯಾಸ್ ಇದ್ದರೆ ಅಪ್‌ಡೇಟ್ ಮಾಡಲು ಸಾಮಾನ್ಯವಾಗಿ ಹಳೆ ಪ್ರೊಸೆಸರ್ ಬೇಕಾಗುತ್ತದೆ. ಅಂಗಡಿಯವರು ನನ್ನ 2200ಜಿಗೆ 1,500 ಕೊಡುತ್ತೇವೆ ಅಂದಿದ್ದರು, ನಾನು ಕೊಡಲಿಲ್ಲ. ಅದು ಬೀರುವಿನಲ್ಲಿದೆ, ಬೋರ್ಡ್ ಸಿಕ್ಕ ದಿನ ಬಂದು ಒಯ್ಯಿ ಅಂತ ಹೇಳಿದ್ದೇನೆ.